ನೈಋತ್ಯ ಇಂಗ್ಲೆಂಡಿನ ಹಾಯಿದೋಣಿ ವಿಹಾರ

ನೈಋತ್ಯ ಇಂಗ್ಲೆಂಡಿನ ಹಾಯಿದೋಣಿ ವಿಹಾರ : ಡೆವನ್ ಮತ್ತು ಕಾರ್ನ್‌ವಾಲ್ ಜಿಲ್ಲೆಗಳ ದಕ್ಷಿಣ ಕರಾವಳಿಯ ಚಿಕ್ಕ ಬಂದರು ಊರುಗಳ ನಡುವೆ ಸಣ್ಣ ಹಾಯಿದೋಣಿಗಳಲ್ಲಿ ಕೈಗೊಳ್ಳುವ ವಿರಾಮದ ಪ್ರಯಾಣ. ಇದು ಪಂದ್ಯವಲ್ಲ, ಸಾಗರ ದಾಟುವ ಸಾಹಸವೂ ಅಲ್ಲ. ಬೆಳಿಗ್ಗೆ ಒಂದು ಊರು ಬಿಟ್ಟು ಸಂಜೆಗೆ ಇನ್ನೊಂದು ಊರು ಸೇರುವುದು, ಗಾಳಿ ಕೆಟ್ಟರೆ ಅಲ್ಲೇ ಎರಡು ದಿನ ಉಳಿಯುವುದು, ರಜೆ ಮುಗಿಯುವ ಮುನ್ನ ಮನೆಯ ಬಂದರಿಗೆ ಮರಳುವುದು, ಇಷ್ಟೇ ಇದರ ಸ್ವರೂಪ. ಪೂರ್ವದಲ್ಲಿ ಪೋರ್ಟ್‌ಲೆಂಡ್ ಭೂಶಿರದಿಂದ ಪಶ್ಚಿಮದಲ್ಲಿ ಲ್ಯಾಂಡ್ಸ್ ಎಂಡ್‌ವರೆಗಿನ ಈ ತೀರ ಯುರೋಪಿನ ಹಾಯಿಯಾನಿಗಳಿಗೆ ಚಿರಪರಿಚಿತ. ಇಲ್ಲಿನ ಹೆಚ್ಚಿನ ಬಂದರುಗಳನ್ನು ಯಾರೂ ವಿಹಾರಕ್ಕೆಂದು ಕಟ್ಟಲಿಲ್ಲ. ಮೀನು, ಜೇಡಿಮಣ್ಣು, ಅಂಚೆ, ಹಣ್ಣು, ಕಳ್ಳಸಾಗಣೆ, ಯುದ್ಧ ಇವೇ ಅವುಗಳನ್ನು ಕಟ್ಟಿಸಿದವು. ಆ ಕಸುಬುಗಳಲ್ಲಿ ಕೆಲವು ಸತ್ತಿವೆ, ಕೆಲವು ಉಳಿದಿವೆ. ಅವು ಬಿಟ್ಟುಹೋದ ದಕ್ಕೆಗಳಲ್ಲಿ, ಇಲ್ಲವೇ ಉಳಿಸಿಕೊಂಡ ದಕ್ಕೆಗಳ ಪಕ್ಕದಲ್ಲಿ ವಿಹಾರದ ದೋಣಿಗಳು ನಿಲ್ಲುತ್ತವೆ.

ಕರಾವಳಿಯ ರಚನೆ

ಕೊನೆಯ ಹಿಮಯುಗ ಮುಗಿದು ಸಮುದ್ರಮಟ್ಟ ಏರಿದಾಗ ಇಲ್ಲಿನ ನದಿ ಕಣಿವೆಗಳಿಗೆ ಕಡಲ ನೀರು ನುಗ್ಗಿತು. ಭೂಗೋಳಶಾಸ್ತ್ರ ರಿಯಾ ಎಂದು ಕರೆಯುವ ಈ ಮುಳುಗು ಕಣಿವೆಗಳೇ ಡಾರ್ಟ್, ಸಾಲ್ಕಂ, ಯಾಲ್ಮ್, ಟೇಮರ್, ಫಾಯ್, ಫ್ಯಾಲ್ ಅಳಿವೆಗಳು. ಕಡಲಿನಿಂದ ನೋಡಿದರೆ ಬಂಡೆಯ ಗೋಡೆಯಲ್ಲಿ ಒಂದು ಸೀಳು ಮಾತ್ರ ಕಾಣುತ್ತದೆ. ಒಳಹೊಕ್ಕರೆ ಗುಡ್ಡಗಳ ನಡುವೆ ಆಳವಾದ, ಗಾಳಿ ತಟ್ಟದ ನೀರು. ಡಾರ್ಟ್‌ಮತ್, ಸಾಲ್ಕಂ, ಪ್ಲಿಮತ್, ಫಾಯ್, ಫಾಲ್ಮತ್ ಈ ಐದು ನಿಲುಗಡೆಗಳು ಒಂದರಿಂದೊಂದು ಸರಿಸುಮಾರು 20 ನಾವಿಕ ಮೈಲಿ ದೂರದಲ್ಲಿವೆ. ಗಂಟೆಗೆ ಐದು ನಾವಿಕ ಮೈಲಿ ಸಾಗುವ ದೋಣಿಗೆ ಇದು ನಾಲ್ಕೈದು ಗಂಟೆಯ ದಾರಿ. ಮಧ್ಯಾಹ್ನದ ಊಟ ಕಡಲಲ್ಲಿ, ರಾತ್ರಿಯದು ಊರಲ್ಲಿ. ಈ ಅಂತರ ಇಷ್ಟು ಅನುಕೂಲವಾಗಿ ಒದಗಿದ್ದೇ ಇಲ್ಲಿ ವಿಹಾರ ಬೆಳೆಯಲು ದೊಡ್ಡ ಕಾರಣ.

ಪೂರ್ವದ ಕಡೆಯಿಂದ ಬರುವವರಿಗೆ ಮಾತ್ರ ಇಷ್ಟು ಸುಲಭವಿಲ್ಲ. ಪೋರ್ಟ್‌ಲೆಂಡ್ ಭೂಶಿರ ದಾಟಿದರೆ ಎದುರಾಗುವುದು ಲೈಮ್ ಕೊಲ್ಲಿ. ಡಾರ್ಟ್‌ಮತ್ ತಲುಪುವವರೆಗೆ ಸುಮಾರು 40 ನಾವಿಕ ಮೈಲಿ ದೂರ. ಕೊಲ್ಲಿಯೊಳಗಿನ ಚಿಕ್ಕ ಬಂದರುಗಳು ಒಂದೋ ಇಳಿತದಲ್ಲಿ ಒಣಗುತ್ತವೆ, ಇಲ್ಲವೇ ಬಾಯಲ್ಲಿ ಮರಳದಿಬ್ಬ ಹೊತ್ತಿವೆ. ದಕ್ಷಿಣದ ಗಾಳಿ ಜೋರಾದಾಗ ಅವು ಆಸರೆ ಕೊಡುವುದಿಲ್ಲ. ಸಾಲದ್ದಕ್ಕೆ ಇಲ್ಲಿ ಹೆಚ್ಚಾಗಿ ಬೀಸುವುದು ನೈಋತ್ಯದ ಗಾಳಿ, ಪಶ್ಚಿಮಕ್ಕೆ ಹೋಗುವವರ ಮುಖಕ್ಕೆ ನೇರವಾಗಿ. ಹೋಗುವಾಗ ಅಡ್ಡಾದಿಡ್ಡಿ ಅಲೆಯುತ್ತ, ಮರಳುವಾಗ ಬೆನ್ನಿಗೆ ಗಾಳಿ ಕೊಟ್ಟು ಬರುವುದು ಇಲ್ಲಿನ ವಾಡಿಕೆ.

ಉಬ್ಬರ ಇಳಿತ

ಈ ತೀರದಲ್ಲಿ ದೋಣಿಯ ಹೊತ್ತನ್ನು ಗಾಳಿಗಿಂತ ಮೊದಲು ನೀರು ನಿರ್ಧರಿಸುತ್ತದೆ. ಪ್ಲಿಮತ್‌ನಲ್ಲಿ ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನ ಅಧಿಕ ಉಬ್ಬರದಲ್ಲಿ ನೀರಿನ ಏರಿಳಿತ ಸರಾಸರಿ 4.7 ಮೀಟರ್. ಕರ್ನಾಟಕದ ಕರಾವಳಿಯಲ್ಲಿ ಅದು ಸಾಮಾನ್ಯವಾಗಿ ಎರಡು ಮೀಟರ್ ದಾಟುವುದಿಲ್ಲ ಎಂಬುದನ್ನು ನೆನೆದರೆ ವ್ಯತ್ಯಾಸ ತಿಳಿದೀತು. ಬೆಳಿಗ್ಗೆ ದೋಣಿ ತೇಲುತ್ತಿದ್ದ ಬಂದರು ಮಧ್ಯಾಹ್ನ ಕೆಸರಿನ ಬಯಲು. ಗೋಡೆಗೆ ಕಟ್ಟಿದ ಹಗ್ಗ ಗಿಡ್ಡವಾದರೆ ನೀರು ಇಳಿದಂತೆ ದೋಣಿ ನೇತುಬೀಳುತ್ತದೆ.

ಏರಿಳಿತಕ್ಕೆ ಹಿಡಿಯುವ ಆರು ಗಂಟೆಗಳನ್ನೂ ನೀರು ಸಮನಾಗಿ ಹಂಚಿಕೊಳ್ಳುವುದಿಲ್ಲ. ನಾವಿಕರ ಲೆಕ್ಕ ಹೀಗಿದೆ: ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯ ಗಂಟೆಗಳಲ್ಲಿ ಮೂರು ಮೂರು, ಐದನೆಯದರಲ್ಲಿ ಎರಡು, ಕೊನೆಯದರಲ್ಲಿ ಒಂದು. 4.8 ಮೀಟರಿನ ಏರಿಳಿತವಿದ್ದರೆ ನಡುವಿನ ಎರಡೇ ಗಂಟೆಗಳಲ್ಲಿ 2.4 ಮೀಟರ್ ನೀರು ಬಂದುಬಿಡುತ್ತದೆ ಅಥವಾ ಹೋಗಿಬಿಡುತ್ತದೆ. ಆಳವಿಲ್ಲದ ಕಡೆ ಲಂಗರು ಹಾಕಿ ಊರೊಳಗೆ ಚಹಾ ಕುಡಿಯುತ್ತ ಕೂತವರು ಇದನ್ನು ಮರೆಯುವುದು ಇಲ್ಲಿ ಪ್ರತಿ ಬೇಸಿಗೆಯ ಕಥೆ. ಅಧಿಕ ಉಬ್ಬರದ ದಿನಗಳಲ್ಲಿ ಪ್ಲಿಮತ್ ಸುತ್ತಮುತ್ತ ನೀರು ತುಂಬುವುದು ಯಾವಾಗಲೂ ಬೆಳಗಿನ ಮತ್ತು ಸಂಜೆಯ ಆರೇಳು ಗಂಟೆಯ ಸುಮಾರಿಗೆ. ಹಾಗಾಗಿ ಹುಣ್ಣಿಮೆಯ ನಡುಹಗಲು ಲೂ, ಪಾಲ್‌ಪೆರೋದಂಥ ಒಣಗುವ ಬಂದರುಗಳ ಒಳಗೆ ದೋಣಿ ತರುವುದು ಎಂದಿಗೂ ಸಾಧ್ಯವಿಲ್ಲ. ಇನ್ನೊಂದು ತೊಡಕು ಕಾಗದದ್ದು. ಮುದ್ರಿತ ಉಬ್ಬರ ಪಟ್ಟಿಗಳು ಸಾಮಾನ್ಯವಾಗಿ ಗ್ರೀನಿಚ್ ಕಾಲಮಾನದಲ್ಲಿರುತ್ತವೆ, ಬೇಸಿಗೆಯಲ್ಲಿ ಬ್ರಿಟನ್ನಿನ ಗಡಿಯಾರ ಒಂದು ಗಂಟೆ ಮುಂದಿರುತ್ತದೆ. ಆ ಒಂದು ಗಂಟೆ ಕೂಡಿಸದವರು ನಡುವಿನ ಮೂರು ಪಾಲನ್ನು ಕಳೆದುಕೊಂಡಾರು.

ನೀರು ಮೇಲೆ ಕೆಳಗೆ ಆಡುವುದಷ್ಟೇ ಅಲ್ಲ, ಇಂಗ್ಲಿಷ್ ಕಾಲುವೆಯುದ್ದಕ್ಕೂ ಪೂರ್ವಕ್ಕೆ ಪಶ್ಚಿಮಕ್ಕೆ ಹರಿಯುತ್ತದೆ. ಭೂಶಿರಗಳ ತುದಿಯಲ್ಲಿ ಈ ಸೆಳೆತ ಇಕ್ಕಟ್ಟಾಗಿ ರಭಸ ಪಡೆಯುತ್ತದೆ. ಪೋರ್ಟ್‌ಲೆಂಡಿನ ಎದುರಿನ ಸುಳಿಯಲ್ಲಿ ಅದು ಗಂಟೆಗೆ ಏಳು ನಾವಿಕ ಮೈಲಿ ಮುಟ್ಟುವುದುಂಟು. ಐದರ ವೇಗದ ದೋಣಿ ಅದರ ಎದುರು ನಿಂತರೆ ಹಾಯಿ ಉಬ್ಬಿಸಿಕೊಂಡೇ ಹಿಂದಕ್ಕೆ ಜಾರುತ್ತದೆ. ಸೆಳೆತಕ್ಕೆ ಎದುರಾಗಿ ಗಾಳಿ ಬೀಸಿದರೆ ಅಲೆಗಳು ಗೋಡೆಯಂತೆ ನೆಟ್ಟಗೆ ನಿಂತು ಒಡೆಯುತ್ತವೆ. ಇಲ್ಲಿ ಎರಡೇ ದಾರಿ. ಒಂದು, ಮೂರರಿಂದ ಐದು ಮೈಲಿ ಹೊರಗಿನಿಂದ ಬಳಸಿ ಹೋಗುವುದು. ಇನ್ನೊಂದು, ಸರಿಯಾದ ಗಳಿಗೆ ಹಿಡಿದು ಬಂಡೆಗೆ ಅಂಟಿಕೊಂಡಂತೆ ಒಳದಾರಿಯಲ್ಲಿ ನುಸುಳುವುದು. ಸ್ಟಾರ್ಟ್ ಪಾಯಿಂಟ್, ಲಿಝರ್ಡ್ ಭೂಶಿರಗಳಲ್ಲೂ ಇದೇ ಲೆಕ್ಕ, ತುಸು ಸೌಮ್ಯವಾಗಿ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಲಂಗರು ಎತ್ತುವ ಜನರನ್ನು ನೋಡಿ ಉತ್ಸಾಹವೆಂದು ತಿಳಿಯಬಾರದು. ಅವರ ಪಾಲಿನ ಸೆಳೆತ ಆ ಹೊತ್ತಿಗೆ ತಿರುಗುತ್ತದೆ, ಅಷ್ಟೇ.

ಬಂದರು ಊರುಗಳು

ಬ್ರಿಕ್ಸಂ ಇಂದಿಗೂ ಮೀನುಗಾರರ ಊರು. 1688ರ ನವೆಂಬರ್ 5ರಂದು ಮುಂದೆ ಇಂಗ್ಲೆಂಡಿನ ದೊರೆಯಾದ ಆರೆಂಜಿನ ವಿಲಿಯಂ ಸೈನ್ಯದೊಂದಿಗೆ ಇಳಿದದ್ದು ಇಲ್ಲಿಯೇ. 19ನೆಯ ಶತಮಾನದಲ್ಲಿ ಇಲ್ಲಿನ ಕೆಂಪು ಹಾಯಿಯ ದೊಡ್ಡ ಮೀನುದೋಣಿಗಳು ಹೆಸರಾಗಿದ್ದವು. ಟೊರ್ ಕೊಲ್ಲಿಯ ಮರೆಯಿಂದಾಗಿ ಪಶ್ಚಿಮದ ಗಾಳಿಗೆ ಒಳ್ಳೆಯ ಆಸರೆ. ಪೂರ್ವದ ಗಾಳಿ ಎದ್ದರೆ ಮಾತ್ರ ಬಂದರೆಲ್ಲ ಕುಲುಕಾಡುತ್ತದೆ.

ಡಾರ್ಟ್‌ಮತ್‌ನ ಬಾಯಿ ಎಷ್ಟು ಕಿರಿದೆಂದರೆ ಮಧ್ಯಯುಗದಲ್ಲಿ ಅದಕ್ಕೆ ಅಡ್ಡಲಾಗಿ ಸರಪಳಿ ಕಟ್ಟುತ್ತಿದ್ದರು. ಎರಡೂ ದಡದಲ್ಲಿ ಕೋಟೆ, ಗುಡ್ಡದ ಮೇಲೆ ರಾಯಲ್ ನೇವಿಯ ಅಧಿಕಾರಿಗಳ ತರಬೇತಿ ಕಾಲೇಜು, ನದಿಯ ಮೇಲ್ಗಡೆ ಅಗಾಥಾ ಕ್ರಿಸ್ಟಿಯ ಗ್ರೀನ್‌ವೇ ಮನೆ.

ಸಾಲ್ಕಂ ಚೆಲುವಾದ ಊರು, ಅಪಾಯದ ಊರು ಕೂಡ. ಅಳಿವೆಯ ಬಾಯಿಗೆ ಅಡ್ಡವಾಗಿ ಮರಳದಿಬ್ಬವೊಂದು ಮಲಗಿದೆ. ಇಳಿತದ ನೀರು ಹೊರಗೆ ಹರಿಯುತ್ತಿರುವಾಗ ದಕ್ಷಿಣದಿಂದ ಅಲೆ ಬಂದರೆ ದಿಬ್ಬದ ಮೇಲೆ ಅದು ಮಗುಚಿ ಬೀಳುತ್ತದೆ. 1916ರ ಅಕ್ಟೋಬರ್ 27ರಂದು ಊರಿನ ಜೀವರಕ್ಷಕ ದೋಣಿ ವಿಲಿಯಂ ಅಂಡ್ ಎಮ್ಮಾ ಇದೇ ದಿಬ್ಬದ ಮೇಲೆ ಮಗುಚಿ ಅದರಲ್ಲಿದ್ದ 15 ಜನರಲ್ಲಿ 13 ಮಂದಿ ಸತ್ತರು. 19ನೆಯ ಶತಮಾನದಲ್ಲಿ ಇಲ್ಲಿನ ವೇಗದ ಸ್ಕೂನರುಗಳು ಅಝೋರ್ಸ್‌ನಿಂದ ಕಿತ್ತಳೆ, ಬಹಾಮಾಸ್‌ನಿಂದ ಅನಾನಸು ಕೊಳೆಯುವ ಮುನ್ನ ತಂದು ಲಂಡನ್ನಿಗೆ ಮುಟ್ಟಿಸುತ್ತಿದ್ದವು. ಉಗಿಹಡಗು ಬಂದು ಆ ವ್ಯಾಪಾರ ಮುಗಿಯಿತು. ದೋಣಿ ಕಟ್ಟುವ ಕಸುಬು ಉಳಿದು ವಿಹಾರದ ದೋಣಿಗಳತ್ತ ತಿರುಗಿತು.

ಪ್ಲಿಮತ್ ಸಣ್ಣ ಊರಲ್ಲ, ನೌಕಾನೆಲೆಯ ನಗರ. ಜಲಾಂತರ್ಗಾಮಿಗಳಿಗೂ ಯುದ್ಧನೌಕೆಗಳಿಗೂ ದಾರಿ ಬಿಟ್ಟು ಸಾಗಬೇಕು. ಜಾನ್ ರೆನಿ ಯೋಜಿಸಿದ, 1812ರಲ್ಲಿ ಆರಂಭವಾಗಿ 1841ರಲ್ಲಿ ಮುಗಿದ ಸುಮಾರು ಒಂದೂವರೆ ಕಿಲೋಮೀಟರ್ ಉದ್ದದ ಅಲೆತಡೆ ಇಲ್ಲದಿದ್ದರೆ ಇದು ದಕ್ಷಿಣಕ್ಕೆ ತೆರೆದ ಕೊಲ್ಲಿಯಾಗಿಯೇ ಉಳಿಯುತ್ತಿತ್ತು. ಹೊರಗಡಲಿನಲ್ಲಿ ಎಡಿಸ್ಟನ್ ಬಂಡೆ. 1698ರಲ್ಲಿ ಅದರ ಮೇಲೆ ಹೆನ್ರಿ ವಿನ್‌ಸ್ಟನ್ಲಿ ಕಟ್ಟಿದ ಮೊದಲ ದೀಪಸ್ತಂಭವನ್ನು 1703ರ ಮಹಾ ಬಿರುಗಾಳಿ ಅವನ ಸಮೇತ ಒಯ್ದಿತು. ಎರಡನೆಯದು 1755ರಲ್ಲಿ ಸುಟ್ಟುಹೋಯಿತು. ಮೂರನೆಯದು ಜಾನ್ ಸ್ಮೀಟನ್ 1759ರಲ್ಲಿ ಮುಗಿಸಿದ ಕಲ್ಲಿನ ಗೋಪುರ. ಅದು ಗಟ್ಟಿಯಾಗಿಯೇ ಇತ್ತು, ಕೆಳಗಿನ ಬಂಡೆ ಸವೆಯಿತು. ಅದರ ಮೇಲ್ಭಾಗವನ್ನು ಬಿಚ್ಚಿ ತಂದು ಪ್ಲಿಮತ್ ದಂಡೆಯಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಈಗ ಉರಿಯುವುದು 1882ರ ನಾಲ್ಕನೆಯ ಗೋಪುರ.

ಫಾಯ್ ಊರಿನಲ್ಲಿ ವಿಹಾರಕ್ಕೂ ದುಡಿಮೆಗೂ ಇನ್ನೂ ಒಂದೇ ನೀರು. ಕಾರ್ನ್‌ವಾಲಿನ ಬಿಳಿ ಜೇಡಿಮಣ್ಣು ತುಂಬಲು ಬರುವ ಹಡಗುಗಳು ಕಟ್ಟಿಹಾಕಿದ ಪುಟ್ಟ ದೋಣಿಗಳ ಸಾಲಿನ ನಡುವೆ ಕೂದಲೆಳೆಯ ಅಂತರದಲ್ಲಿ ನದಿ ಏರುತ್ತವೆ. ಲೇಖಕಿ ಡ್ಯಾಫ್ನಿ ಡು ಮೊರಿಯೆ ಬಾಳಿದ ಊರು ಇದು. ಇಲ್ಲಿಂದ ಮುಂದಿನ ಮೆವಗಿಸ್ಸಿ ಸಾರ್ಡೀನ್ ಜಾತಿಯ ಮೀನಿನಿಂದ ಬೆಳೆದದ್ದು. ಹತ್ತಿರದ ಚಾರ್ಲ್ಸ್‌ಟೌನ್ ಸ್ಮೀಟನ್ನನದೇ ವಿನ್ಯಾಸ, ಈಗ ಹಳೆಯ ಕಾಲದ ಸಿನಿಮಾಗಳ ಚಿತ್ರೀಕರಣಕ್ಕೆ ಪ್ರಸಿದ್ಧ.

ಫಾಲ್ಮತ್ ಯಾವ ಗಾಳಿಯಲ್ಲೂ, ಯಾವ ಹೊತ್ತಿನಲ್ಲೂ ಒಳಬರಬಹುದಾದ ಬಂದರು. ಎಂಟನೆಯ ಹೆನ್ರಿಯ ಎರಡು ಕೋಟೆಗಳು ಅದರ ಬಾಯಿ ಕಾಯುತ್ತವೆ. 1689ರಿಂದ 1850ರವರೆಗೆ ಸಾಗರದಾಚೆಯ ಅಂಚೆ ಹಡಗುಗಳು ಇಲ್ಲಿಂದ ಹೊರಡುತ್ತಿದ್ದವು. ಫ್ಯಾಲ್ ನದಿಯ ಸಿಂಪಿ ಮೀನುಗಾರಿಕೆಯಲ್ಲಿ ಇಂಜಿನ್ ಬಳಸಿ ಸಿಂಪಿ ಬಾಚುವಂತಿಲ್ಲ. ಹಾಯಿ ಅಥವಾ ಹುಟ್ಟು ಮಾತ್ರ. ಸಿಂಪಿಯ ಸಂತತಿ ಉಳಿಯಲೆಂದು ಮಾಡಿದ ಈ ನಿಯಮ ಹಾಯಿದೋಣಿಗಳ ಒಂದು ದುಡಿಯುವ ಪಡೆಯನ್ನೂ ಉಳಿಸಿಬಿಟ್ಟಿತು. ಚಳಿಗಾಲದಲ್ಲಿ ಸಿಂಪಿ ಬಾಚುವ ದೋಣಿಗಳೇ ಬೇಸಿಗೆಯಲ್ಲಿ ಬಣ್ಣದ ಮೇಲ್ಹಾಯಿ ಏರಿಸಿ ಪಂದ್ಯಕ್ಕೆ ಇಳಿಯುತ್ತವೆ. ಇಡೀ ತೀರದಲ್ಲಿ ನೋಡಲೇಬೇಕಾದದ್ದು ಇದು ಎಂದರೆ ತಪ್ಪಾಗದು.

ಫಾಲ್ಮತ್‌ಗೆ ಭಾರತದ ನಂಟೂ ಇದೆ. 1968ರ ಜೂನ್ 14ರಂದು ಇಲ್ಲಿಂದ ಹೊರಟು 1969ರ ಏಪ್ರಿಲ್ 22ರಂದು ಇಲ್ಲಿಗೇ ಮರಳಿ, ಎಲ್ಲೂ ನಿಲ್ಲದೆ ಒಂಟಿಯಾಗಿ ಭೂಮಿ ಸುತ್ತಿದ ಮೊದಲಿಗ ರಾಬಿನ್ ನಾಕ್ಸ್-ಜಾನ್‌ಸ್ಟನ್. ಅವರ ಸುಮಾರು ಹತ್ತು ಮೀಟರಿನ ಸುಹೈಲಿ ದೋಣಿಯನ್ನು ಮುಂಬೈಯ ಬಡಗಿಗಳು ತೇಗದ ಮರದಲ್ಲಿ ಕಟ್ಟಿದ್ದರು. ಅದೇ ಪರಿಕ್ರಮವನ್ನು ಒಂಟಿಯಾಗಿ, ನಿಲ್ಲದೆ ಮುಗಿಸಿದ ಮೊದಲ ಭಾರತೀಯ ಅಭಿಲಾಷ್ ಟೋಮಿ, 2012–13ರಲ್ಲಿ, ಗೋವೆಯಲ್ಲಿ ಕಟ್ಟಿದ ಮ್ಹಾದೆಯಿ ದೋಣಿಯಲ್ಲಿ.

ಲಿಝರ್ಡ್ ದಾಟಿದರೆ ಆಸರೆಗಳು ವಿರಳ. ಪೆನ್ಝಾನ್ಸ್‌ನಲ್ಲಿ ಬಾಗಿಲು ಮುಚ್ಚಿ ನೀರು ಹಿಡಿದಿಡುವ ಕೊಳವಿದೆ. ಪಕ್ಕದ ನ್ಯೂಲಿನ್ ದೊಡ್ಡ ಮೀನು ಬಂದರು. ಬ್ರಿಟನ್ನಿನ ಮುಖ್ಯ ಭೂಭಾಗದ ಬೆಟ್ಟಗಳ ಎತ್ತರವನ್ನೆಲ್ಲ ಅಳೆಯುವುದು ಇದೇ ನ್ಯೂಲಿನ್ನಿನಲ್ಲಿ 1915ರಿಂದ 1921ರವರೆಗೆ ದಾಖಲಿಸಿದ ಸರಾಸರಿ ಸಮುದ್ರಮಟ್ಟದಿಂದ.

ಹವ್ಯಾಸ ಬೆಳೆದ ಬಗೆ

19ನೆಯ ಶತಮಾನದ ನಡುಭಾಗದವರೆಗೆ ವಿಹಾರನೌಕೆ ಎಂದರೆ ಸಿರಿವಂತನ ಒಡವೆ. ಹಾಯಿ ಎಳೆಯುವವರು ಸಂಬಳದ ನಾವಿಕರು, ಅವರಲ್ಲಿ ಬಹುಮಂದಿ ಮೀನುಗಾರ ಹಳ್ಳಿಗಳವರು. ಒಡೆಯನೇ ಚುಕ್ಕಾಣಿ ಹಿಡಿಯುವ ಪದ್ಧತಿಗೆ ಹೆಸರು ತಂದವರಲ್ಲಿ ಇಬ್ಬರು ಮುಖ್ಯರು. ಜಾನ್ ಮ್ಯಾಕ್‌ಗ್ರೆಗರ್ 1867ರಲ್ಲಿ ರಾಬ್ ರಾಯ್ ಎಂಬ ಪುಟ್ಟ ದೋಣಿಯಲ್ಲಿ ಒಬ್ಬನೇ ಫ್ರಾನ್ಸಿಗೆ ಹೋಗಿ ಬಂದು ಪುಸ್ತಕ ಬರೆದ. ಲಂಡನ್ನಿನ ಷೇರು ದಲ್ಲಾಳಿ ಆರ್. ಟಿ. ಮ್ಯಾಕ್‌ಮಲನ್ 1869ರಲ್ಲಿ ಡೌನ್ ಚಾನೆಲ್ ಎಂಬ ಪುಸ್ತಕ ಪ್ರಕಟಿಸಿದ. ಅವನದು ನಿಷ್ಠುರ ಸ್ವಭಾವ, ಅಚ್ಚುಕಟ್ಟು ದೋಣಿ. ಅವನ ನಂಬಿಕೆಯಲ್ಲಿ ಕೆಟ್ಟ ಹವೆಯಲ್ಲಿ ದೋಣಿಗೆ ಅಪಾಯ ನೀರಿನದಲ್ಲ, ದಡದ್ದು. ಆಳದ ನೀರಿನಲ್ಲಿ ಹಾಯಿ ತಗ್ಗಿಸಿ ನಿಂತರೆ ಸಣ್ಣ ದೋಣಿಯೂ ಬದುಕುತ್ತದೆಂದು ಅವನು ತೋರಿಸಿಕೊಟ್ಟ. 1891ರಲ್ಲಿ ಇಂಗ್ಲಿಷ್ ಕಾಲುವೆಯಲ್ಲಿ ಒಬ್ಬನೇ ಸಾಗುತ್ತಿದ್ದಾಗ ಚುಕ್ಕಾಣಿಯ ಬಳಿಯೇ ಸತ್ತ. ಇವರಿಬ್ಬರ ಬಳಿಕ ಬಂದ ರಾಯಲ್ ಕ್ರೂಸಿಂಗ್ ಕ್ಲಬ್ (1880) ಮತ್ತು ಕ್ರೂಸಿಂಗ್ ಅಸೋಸಿಯೇಷನ್ (1908) ಬಂದರುಗಳ ಮಾಹಿತಿ ಕೂಡಿಹಾಕುವ ಕೆಲಸ ಹಿಡಿದವು. ಉಬ್ಬರ ಪಟ್ಟಿ, ದೀಪ, ತೇಲುಗುರುತುಗಳ ವಿವರ ಒಂದೇ ಕಡೆ ಸಿಗುವ ರೀಡ್ಸ್ ಪಂಚಾಂಗ 1932ರಲ್ಲಿ ಹೊರಟು ಇಂದಿಗೂ ವರ್ಷವರ್ಷ ಬರುತ್ತಿದೆ.

ನಿಜವಾದ ಬದಲಾವಣೆ ಬಂದದ್ದು 1960ರ ದಶಕದಲ್ಲಿ, ಫೈಬರ್ ಗ್ಲಾಸಿನಿಂದ. ಅಚ್ಚಿನಲ್ಲಿ ಎರಕ ಹೊಯ್ದ ದೋಣಿಗೆ ಮರದ ದೋಣಿಯಂತೆ ವರ್ಷವಿಡೀ ಆರೈಕೆ ಬೇಡ. ಅಗ್ಗವಾಯಿತು, ಮೇಷ್ಟರೂ ಗುಮಾಸ್ತರೂ ಕೊಳ್ಳುವಂತಾಯಿತು. 1969ರಿಂದ ತಯಾರಾದ ವೆಸ್ಟರ್ಲಿ ಸೆಂಟಾರ್ ಎಂಬ 26 ಅಡಿಯ ದೋಣಿ ಎರಡು ಸಾವಿರಕ್ಕೂ ಮಿಕ್ಕಿ ಮಾರಾಟವಾಯಿತು. ಅದರ ಅಡಿಯಲ್ಲಿ ಒಂದೇ ಆಳದ ಕೀಲಿನ (ತಳದಿಂದ ನೀರಿಗಿಳಿದ ಹಲಗೆಯ) ಬದಲು ಎರಡು ಗಿಡ್ಡ ಕೀಲುಗಳು. ನೀರು ಇಳಿದಾಗ ಪಕ್ಕಕ್ಕೆ ವಾಲದೆ ಕೆಸರಿನ ಮೇಲೆ ನೆಟ್ಟಗೆ ಕೂರುತ್ತದೆ. ಚೆಂದದ ದೋಣಿಯಲ್ಲ, ಗಾಳಿಗೆದುರು ಚುರುಕೂ ಅಲ್ಲ. ಆದರೆ ಒಣಗುವ ಬಂದರುಗಳ ಈ ತೀರಕ್ಕೆ ಇದಕ್ಕಿಂತ ಹೊಂದುವ ವಿನ್ಯಾಸ ಸಿಗುವುದು ಕಷ್ಟ.

ಸುರಕ್ಷತೆ

ಬ್ರಿಟನ್ನಿನಲ್ಲಿ ಸ್ವಂತ ವಿಹಾರದೋಣಿ ನಡೆಸಲು ಪರವಾನಗಿ ಬೇಡ. ಜರ್ಮನಿಯವರಿಗೆ ಇದು ಅಚ್ಚರಿ. ರಾಯಲ್ ಯಾಟಿಂಗ್ ಅಸೋಸಿಯೇಷನ್ನಿನ ಪರೀಕ್ಷೆಗಳು ಐಚ್ಛಿಕ, ಆದರೂ ಬಹಳ ಜನ ಬರೆಯುತ್ತಾರೆ. 2002ರಿಂದ ಸಣ್ಣ ದೋಣಿಯ ನಾಯಕನೂ ಹೊರಡುವ ಮುನ್ನ ಹವೆ, ಉಬ್ಬರ, ಅಪಾಯದ ಜಾಗ, ಬದಲಿ ಆಸರೆಗಳನ್ನು ಯೋಚಿಸಿರಬೇಕೆಂಬ ಅಂತರರಾಷ್ಟ್ರೀಯ ನಿಯಮ ಅನ್ವಯಿಸುತ್ತದೆ. ಹವಾಮಾನಕ್ಕೆ ಬಿಬಿಸಿಯ ಕಡಲ ಮುನ್ಸೂಚನೆ ಬಹುಕಾಲದ ಆಧಾರ. ಸಮುದ್ರವನ್ನು ಪೋರ್ಟ್‌ಲೆಂಡ್, ಪ್ಲಿಮತ್ ಮುಂತಾದ ವಲಯಗಳಾಗಿ ಹಂಚಿ ಗಾಳಿಯ ದಿಕ್ಕು, ಬಲ, ಗೋಚರತೆಯನ್ನು ಓದುತ್ತಾರೆ. ಇದರ ಮೂಲ ಬೀಗಲ್ ಹಡಗಿನ ಕಪ್ತಾನನಾಗಿದ್ದ ರಾಬರ್ಟ್ ಫಿಟ್ಸ್‌ರಾಯ್ 1861ರಲ್ಲಿ ಆರಂಭಿಸಿದ ಬಿರುಗಾಳಿ ಎಚ್ಚರಿಕೆ.

ಅಪಾಯಕ್ಕೆ ಸಿಕ್ಕವರನ್ನು ಎಳೆತರುವುದು 1824ರಲ್ಲಿ ಹುಟ್ಟಿದ, ದೇಣಿಗೆಯಿಂದ ನಡೆಯುವ ರಾಷ್ಟ್ರೀಯ ಜೀವರಕ್ಷಕ ದೋಣಿ ಸಂಸ್ಥೆ. ದೋಣಿ ಹತ್ತುವವರಲ್ಲಿ ಹೆಚ್ಚಿನವರು ಊರಿನ ಸ್ವಯಂಸೇವಕರು, ಜೀವ ಉಳಿಸಿದ್ದಕ್ಕೆ ಶುಲ್ಕವಿಲ್ಲ. 1981ರ ಡಿಸೆಂಬರ್ 19ರ ರಾತ್ರಿಯ ಬಿರುಗಾಳಿಯಲ್ಲಿ ಮೌಝಲ್ ಊರಿನ ಎಂಟು ಮಂದಿ ಸಾಲೊಮನ್ ಬ್ರೌನ್ ಜೀವರಕ್ಷಕ ದೋಣಿಯಲ್ಲಿ ಹೊರಟು ಮರಳಲಿಲ್ಲ. ಬೇಸಿಗೆಯ ವಿಹಾರಿಗಳನ್ನು ಕಾಡುವುದು ಇಂಥ ಬಿರುಗಾಳಿಗಿಂತ ಸಣ್ಣ ಸಂಗತಿಗಳು: ಏಡಿ ಬುಟ್ಟಿಗಳ ಹಗ್ಗ ಪ್ರೊಪೆಲ್ಲರಿಗೆ ಸುತ್ತಿಕೊಳ್ಳುವುದು, ದಿಢೀರನೆ ಕವಿಯುವ ಮಂಜು, ದೋಣಿಯಿಂದ ದಡಕ್ಕೆ ಹೋಗುವ ಪುಟ್ಟ ತೆಪ್ಪ ರಾತ್ರಿ ಮಗುಚುವುದು.

ಊರಿಗೂ ನೀರಿಗೂ ಆದದ್ದು

ದೋಣಿಯ ಅಡಿಗೆ ಚಿಪ್ಪುಜೀವಿ ಅಂಟದಿರಲಿ ಎಂದು ಬಳಿಯುತ್ತಿದ್ದ ಟಿಬಿಟಿ ಎಂಬ ತವರದ ಸಂಯುಕ್ತ ಒಂದು ಕಾಲದಲ್ಲಿ ವಿಹಾರಿಗಳ ಅಚ್ಚುಮೆಚ್ಚು. ಅಳಿವೆಗಳ ಹೆಣ್ಣು ಶಂಖುಹುಳುಗಳಲ್ಲಿ ಗಂಡಿನ ಅಂಗ ಬೆಳೆದು ಸಂತಾನ ನಿಲ್ಲುತ್ತಿರುವುದನ್ನು ಪ್ಲಿಮತ್‌ನ ಕಡಲ ವಿಜ್ಞಾನಿಗಳು ಈ ಬಣ್ಣಕ್ಕೆ ಜೋಡಿಸಿ ತೋರಿಸಿದರು. 1987ರಲ್ಲಿ ಸಣ್ಣ ದೋಣಿಗಳಿಗೆ ಅದರ ಬಳಕೆಯನ್ನು ಬ್ರಿಟನ್ ನಿಷೇಧಿಸಿತು. ಶಂಖುಹುಳುಗಳು ನಿಧಾನವಾಗಿ ಮರಳಿದವು. ಈಗಿನ ಚಿಂತೆ ಕಡಲಹುಲ್ಲಿನದು. ತಳದಲ್ಲಿ ಎಳೆದಾಡುವ ಲಂಗರಿನ ಸರಪಳಿ ಸಾಲ್ಕಂ, ಹೆಲ್‌ಫರ್ಡ್ ಮೊದಲಾದೆಡೆ ಹುಲ್ಲನ್ನು ವೃತ್ತಾಕಾರವಾಗಿ ಬೋಳಿಸುತ್ತದೆ. ತಳ ಮುಟ್ಟದ ಕಟ್ಟುಗಳನ್ನು ಕೆಲವೆಡೆ ಅಳವಡಿಸುತ್ತಿದ್ದಾರೆ. ಪ್ಲಿಮತ್ ಸೌಂಡ್ ಕೊಲ್ಲಿ 2019ರಲ್ಲಿ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಸಾಗರ ಉದ್ಯಾನವೆಂದು ಘೋಷಿತವಾಯಿತು.

ಊರುಗಳ ಗಾಯ ಇಷ್ಟು ಬೇಗ ಮಾಯುವಂಥದಲ್ಲ. ಬ್ರಿಟನ್ನಿನ ಅತಿ ದುಬಾರಿ ಕಡಲೂರುಗಳ ಪಟ್ಟಿಯಲ್ಲಿ ಸಾಲ್ಕಂ ಪದೇ ಪದೇ ಮೇಲೆ ನಿಲ್ಲುತ್ತದೆ. ಬಹಳ ಮನೆಗಳು ಹೊರಗಿನವರ ರಜಾಮನೆಗಳು, ಚಳಿಗಾಲದಲ್ಲಿ ಬೀಗ. ಏಡಿ ಹಿಡಿಯುವವನ ಮಗ ತನ್ನ ಊರಿನಲ್ಲಿ ಮನೆ ಮಾಡಲಾರ. ದೋಣಿಯವರು ರಾತ್ರಿಗೆ ಕಟ್ಟುವ ಬಂದರು ಶುಲ್ಕ, ಮದ್ಯದಂಗಡಿಯಲ್ಲಿ ಖರ್ಚು ಮಾಡುವ ಹಣ ಊರಿಗೆ ಆದಾಯ ಹೌದು. ಆದರೆ ಬಂದರನ್ನು ಬಂದರಾಗಿ ಉಳಿಸುವುದು ಫಾಯ್‌ನ ಜೇಡಿಮಣ್ಣು, ಬ್ರಿಕ್ಸಂ ಮತ್ತು ನ್ಯೂಲಿನ್ನಿನ ಮೀನು, ಫ್ಯಾಲ್ ನದಿಯ ಸಿಂಪಿ. ಅವು ಹೋದ ಕಡೆ ಉಳಿಯುವುದು ದೋಣಿಗಳ ನಿಲ್ದಾಣ ಮಾತ್ರ.

ಹೋಗುವವರಿಗೆ

ಯಾನದ ಕಾಲ ಮೇಯಿಂದ ಸೆಪ್ಟೆಂಬರ್. ಪ್ಲಿಮತ್, ಫಾಲ್ಮತ್ ಊರುಗಳಲ್ಲೂ ಡಾರ್ಟ್ ನದಿಯಲ್ಲೂ ದೋಣಿಗಳು ಬಾಡಿಗೆಗೆ ಸಿಗುತ್ತವೆ. ಸ್ವತಃ ನಡೆಸುವವರು ಅನುಭವದ ಪ್ರಮಾಣ ತೋರಿಸಬೇಕು, ಇಲ್ಲದವರು ನಾವಿಕನ ಸಮೇತ ಬಾಡಿಗೆ ಹಿಡಿಯಬಹುದು. ಆಗಸ್ಟಿನಲ್ಲಿ ಫಾಯ್ ಮತ್ತು ಡಾರ್ಟ್‌ಮತ್‌ನ ರಿಗಾಟಾ ಎಂಬ ದೋಣಿಪಂದ್ಯದ ಉತ್ಸವಗಳಿಗೆ ಬಂದರುಗಳು ತುಂಬಿ ದೋಣಿಗೆ ದೋಣಿ ತಾಗಿಸಿ ಕಟ್ಟಬೇಕಾಗುತ್ತದೆ. ಜೂನ್ ವಾಸಿ, ಹಗಲೂ ಉದ್ದ. 2021ರಿಂದ ಬ್ರಿಟನ್ನಿನ ದೋಣಿಯವರು ಎದುರು ದಡದಲ್ಲಿರುವ ಫ್ರಾನ್ಸಿನ ಬ್ರಿಟನಿ ಪ್ರಾಂತ್ಯಕ್ಕೆ ದಾಟಬೇಕಾದರೆ ನಿಗದಿತ ಬಂದರಿನಲ್ಲಿ ಪಾಸ್‌ಪೋರ್ಟ್ ತಪಾಸಣೆ ಮಾಡಿಸಬೇಕು. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಬ್ರಿಟನ್ನಿನ ವೀಸಾ ಅಲ್ಲದೆ ಷೆಂಗೆನ್ ವೀಸಾ ಬೇರೆಯೇ ಬೇಕು.